ಹಸಿರು ಪಿನ್ನು, ಹಳದಿ ತೂತು

“ಮಾವ, ಚಿತ್ರ ಬಂತು, ಬಣ್ಣ ಮಾತ್ರ ಇಲ್ಲ. ಯಾರೋ ನಂಗೆ ಹಾಳಾಗಿರೋ ಮಾಲು ದಾಟಿಸಿದಾರೆ.”

ನ್ಯೂಜೆರ್ಸಿಯ ಎಡಿಸನ್. ಮನೆಯ ಬೇಸ್‌ಮೆಂಟಿನ ಮೂಲೆಯಲ್ಲಿ 27 ಇಂಚಿನ ಡಬ್ಬಾ ಟಿವಿ, ಅದರ ಮುಂದೆ ನೆಲದ ಮೇಲೆ ಸೆಕೆಂಡ್ ಹ್ಯಾಂಡ್ ಪ್ಲೇಸ್ಟೇಷನ್ 2. ಹುಡುಗಿ ಮೈಸೂರಿನವಳು, ಈಗ ಕೆಲಸ, ವಾಸ ಎರಡೂ ಜರ್ಸಿ ಸಿಟಿಯಲ್ಲಿ. ಅವಳ ಅಪಾರ್ಟ್‌ಮೆಂಟಿನ 55 ಇಂಚಿನ ಚಪ್ಪಟೆ ಟಿವಿಗೆ ಈ ಪೆಟ್ಟಿಗೆ ಜೋಡಿಸಿದಾಗ ಆಟದಲ್ಲಿ ಮುಖ ಯಾವುದು, ಗೋಡೆ ಯಾವುದು ಎಂದು ತಿಳಿಯದಷ್ಟು ಮಸಕಾಗಿ ಕಂಡಿತ್ತು. ಹಳೇ ಆಟಕ್ಕೆ ಹಳೇ ಟಿವಿಯೇ ಸರಿ ಎಂದು ಗೆಳತಿಯೊಬ್ಬಳು ಹೇಳಿದ ಮೇಲೆ ಮಾವನ ಬೇಸ್‌ಮೆಂಟ್ ನೆನಪಾಗಿದೆ. ಮಾವ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ, 1982ರಲ್ಲಿ ನಮ್ಮಲ್ಲಿ ಬಣ್ಣದ ಟಿವಿ ಬಂದ ಹೊಸದರಲ್ಲಿ ರಿಪೇರಿ ಅಂಗಡಿಯಲ್ಲಿ ಕೈ ಪಳಗಿಸಿಕೊಂಡವರು. ಅಮೆರಿಕಕ್ಕೆ ಬಂದದ್ದು ಆಮೇಲೆ.

ಅವರು ಮೆಟ್ಟಿಲ ಮೇಲೆ ಕೂತಲ್ಲಿಂದಲೇ ಕೇಳಿದರು: “ಯಾವ ಪಿನ್ನು ಎಲ್ಲಿಗೆ ಚುಚ್ಚಿದೀಯ?”

“ಈ ಕೇಬಲ್‌ನಲ್ಲಿ ಐದು ಪಿನ್ನಿವೆ. ಹಸಿರು, ನೀಲಿ, ಕೆಂಪು, ಬಿಳಿ, ಮತ್ತೆ ಇನ್ನೊಂದು ಕೆಂಪು. ಟಿವಿ ಮುಂದುಗಡೆ ಇರೋದು ಮೂರೇ ತೂತು: ಹಳದಿ, ಬಿಳಿ, ಕೆಂಪು. ಹಳದಿ ಪಿನ್ನೇ ಇಲ್ವಲ್ಲ, ಹಸಿರನ್ನ ಅಲ್ಲಿಗೆ ಹಾಕಿದೆ.”

“ಹಾಗಾದ್ರೆ ಏನೂ ಹಾಳಾಗಿಲ್ಲ. ನಿನ್ನ ಆಟ 1953ಕ್ಕಿಂತ ಹಿಂದಕ್ಕೆ ಹೋಗಿ ಕೂತಿದೆ, ಅಷ್ಟೆ.”

ಹುಡುಗಿಗೆ ಇದು ತಮಾಷೆ ಅನಿಸಿತು. ಮಾವನಿಗೆ ಅಲ್ಲ. ಹಸಿರು ಬಣ್ಣದ ಆ ಪಿನ್ನಿನಲ್ಲಿ ಹಸಿರೆಂಬುದೇ ಇಲ್ಲ ಎಂದು ಅವರು ಶುರು ಮಾಡಿದರು. ಅದರಲ್ಲಿ ಹರಿಯುವುದು ಇಡೀ ಚಿತ್ರದ ಬೆಳಕು: ಎಲ್ಲಿ ಕತ್ತಲೆ, ಎಲ್ಲಿ ಬೆಳಕು ಎಂಬಷ್ಟೇ ಮಾಹಿತಿ. ನೀಲಿ ಪಿನ್ನಿನಲ್ಲಿರುವುದು ನೀಲಿಗೂ ಆ ಬೆಳಕಿಗೂ ಇರುವ ವ್ಯತ್ಯಾಸ, ಕೆಂಪಿನಲ್ಲಿ ಕೆಂಪಿನ ವ್ಯತ್ಯಾಸ. ಮೂರನ್ನೂ ಕೂಡಿಸಿ ಕಳೆದು ಹಸಿರು ಎಷ್ಟೆಂದು ಟಿವಿಯೇ ಲೆಕ್ಕ ಹಾಕಿಕೊಳ್ಳುತ್ತದೆ. ಹಸಿರು ಪಿನ್ನೊಂದನ್ನೇ ಕೊಟ್ಟರೆ ಅದಕ್ಕೆ ಸಿಗುವುದು ಶುದ್ಧ ಕಪ್ಪು-ಬಿಳುಪು ಚಿತ್ರ.

“ಅದು ಸರಿ. 1953 ಯಾಕೆ ಬಂತು?”

“ಯಾಕಂದ್ರೆ ಆ ಹಳದಿ ತೂತಿನ ಜಾತಕ ಬರೆದಿದ್ದು ಆ ವರ್ಷ. ಬರೆದೋರಲ್ಲಿ ಮುಖ್ಯವಾದೋರು ಇಲ್ಲಿಂದ ಮುಕ್ಕಾಲು ಗಂಟೆ ದೂರದಲ್ಲಿದ್ರು, ಪ್ರಿನ್ಸ್‌ಟನ್‌ನಲ್ಲಿ.”

ಮಾವ ಹೇಳುತ್ತಿದ್ದುದು ಆರ್‌ಸಿಎ ಕಂಪನಿಯ ಪ್ರಯೋಗಾಲಯದ ಮಾತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬಣ್ಣದ ಟಿವಿಗಾಗಿ ಅಮೆರಿಕದಲ್ಲಿ ಎರಡು ಪಾಳೆಯಗಳು ಜಿದ್ದಿಗೆ ಬಿದ್ದಿದ್ದವು. ನ್ಯೂಯಾರ್ಕಿನ ಸಿಬಿಎಸ್ ಪರವಾಗಿ ಪೀಟರ್ ಗೋಲ್ಡ್‌ಮಾರ್ಕ್ ರೂಪಿಸಿದ ಪದ್ಧತಿಯಲ್ಲಿ ಟಿವಿಯ ಮುಂದೆ ಬಣ್ಣದ ಚಕ್ರವೊಂದು ತಿರುಗುತ್ತಿತ್ತು. ಚಿತ್ರ ಚೆನ್ನಾಗಿತ್ತು. 1950ರಲ್ಲಿ ಸರ್ಕಾರದ ಒಪ್ಪಿಗೆಯೂ ಸಿಕ್ಕಿತು, 1951ರ ಜೂನ್‌ನಲ್ಲಿ ಪ್ರಸಾರವೂ ಶುರುವಾಯಿತು. ತೊಡಕಿದ್ದದ್ದು ಬೇರೆ ಕಡೆ. ಆಗಲೇ ಒಂದು ಕೋಟಿಗೂ ಹೆಚ್ಚು ಮನೆಗಳಲ್ಲಿದ್ದ ಕಪ್ಪು-ಬಿಳುಪು ಟಿವಿಗಳಿಗೆ ಆ ಸಿಗ್ನಲ್ ಏನೇನೂ ಅರ್ಥವಾಗುತ್ತಿರಲಿಲ್ಲ. ಕೆಲವೇ ತಿಂಗಳಲ್ಲಿ ಪ್ರಸಾರ ನಿಂತುಹೋಯಿತು. ಆರ್‌ಸಿಎಯ ಡೇವಿಡ್ ಸಾರ್ನಾಫ್ ಹಿಡಿದ ಹಟವೇ ಇನ್ನೊಂದು: ಹೊಸ ಸಿಗ್ನಲ್ ಹಳೇ ಟಿವಿಯಲ್ಲಿ ಕಪ್ಪು-ಬಿಳುಪಾಗಿ ಕಾಣಲೇಬೇಕು, ಬಣ್ಣವನ್ನು ಅದರೊಳಗೇ ಎಲ್ಲಾದರೂ ಅಡಗಿಸಬೇಕು. 1953ರ ಡಿಸೆಂಬರ್ 17ರಂದು ಒಪ್ಪಿಗೆ ಪಡೆದದ್ದು ಈ ಹಟವೇ. ಅದೇ ಎನ್‌ಟಿಎಸ್‌ಸಿ ಪದ್ಧತಿ.

“ಅಡಗಿಸೋದು ಅಂದ್ರೆ?”

“ಬೆಳಕಿನ ಸಿಗ್ನಲ್‌ನ ಮೇಲ್ತುದೀಲಿ 3.58 ಮೆಗಾಹರ್ಟ್ಸ್ ಅಂತ ಒಂದು ಜಾಗ. ಬಣ್ಣವನ್ನ ಅಲ್ಲಿ ತುರುಕಿದ್ರು. ಕಪ್ಪು-ಬಿಳುಪು ಟಿವಿ ಅದನ್ನ ಗಮನಿಸಲ್ಲ. ಬಣ್ಣದ ಟಿವಿ ಹುಡುಕಿ ತೆಗೀತದೆ. ಆದ್ರೆ ಮೊಸರನ್ನಕ್ಕೆ ಹಾಕಿದ ಒಗ್ಗರಣೇನ ವಾಪಸ್ ತೆಗೀಬೇಕು ಅಂದ್ರೆ ಸಾಸಿವೆ ಜೊತೆ ನಾಲ್ಕು ಅಗುಳೂ ಬರ್ತವೆ, ಅಲ್ವಾ?”

ಆ ನಾಲ್ಕು ಅಗುಳನ್ನು ತೋರಿಸಲೆಂದು ಮಾವ ಎದ್ದರು. ಹಳೇ ಮೂರು ಪಿನ್ನಿನ ಕೇಬಲ್ ಹುಡುಕಿ, ಹಳದಿಯನ್ನು ಹಳದಿಗೇ ಸಿಕ್ಕಿಸಿದರು. ಬಣ್ಣ ಬಂತು. ಹುಡುಗಿ ಖುಷಿಯಾಗಿ ಹಿಂದೆ ಸರಿಯುವಷ್ಟರಲ್ಲಿ “ಹತ್ತಿರ ಬಂದು ನೋಡು” ಎಂದು ಗಾಜಿನಿಂದ ಗೇಣಿನ ದೂರಕ್ಕೆ ಕೂರಿಸಿದರು. ಮೆನುವಿನ ಕೆಂಪು ಅಕ್ಷರ, ಹಿಂದೆ ನೀಲಿ ಬಣ್ಣ. ಅವೆರಡೂ ಸೇರುವ ಅಂಚಿನಲ್ಲಿ ಸಣ್ಣ ಸಣ್ಣ ಚುಕ್ಕೆಗಳ ಸಾಲು ಮೇಲ್ಮುಖವಾಗಿ ಹರಿದಾಡುತ್ತಿತ್ತು. ಕೆಂಪು ಅಕ್ಷರದ ಗೆರೆ ದಾಟಿ ನೀಲಿಯೊಳಗೆ ಸೋರಿತ್ತು. ಸಣ್ಣ ಗೆರೆಗಳಿದ್ದ ಒಂದು ಜಾಲರಿಯ ಮೇಲೆ ಇಲ್ಲದ ಕಾಮನಬಿಲ್ಲಿನ ಛಾಯೆ ಮಿನುಗುತ್ತಿತ್ತು. ಚುಕ್ಕೆಗಳ ಹರಿದಾಟ ಬಣ್ಣವನ್ನು ಬೆಳಕೆಂದು ತಪ್ಪು ತಿಳಿದದ್ದರ ಫಲ, ಕಾಮನಬಿಲ್ಲು ಬೆಳಕನ್ನು ಬಣ್ಣವೆಂದು ತಿಳಿದದ್ದರ ಫಲ. ಎರಡೂ ಟಿವಿಯ ದೋಷವಲ್ಲ, ಆಟದ ಪೆಟ್ಟಿಗೆಯದೂ ಅಲ್ಲ. ಕಪ್ಪು-ಬಿಳುಪು ಟಿವಿ ಇಟ್ಟುಕೊಂಡಿದ್ದವರಿಗಾಗಿ ಮಾಡಿಕೊಂಡ ರಾಜಿಯನ್ನು ಅರ್ಧ ಶತಮಾನದ ನಂತರವೂ ಒಂದು ಹಳದಿ ತಂತಿ ಪಾಲಿಸಿಕೊಂಡು ಬಂದಿತ್ತು.

“ಅಂದ್ರೆ ಒಳ್ಳೇ ಕೇಬಲ್ ಅಂತ ಜನ ಹೇಳೋದು...”

“ಆ ರಾಜೀನ ಒಂದೊಂದೇ ಮೆಟ್ಟಿಲು ರದ್ದು ಮಾಡೋದು. ಬೇರೆ ಏನೂ ಇಲ್ಲ. ಬಂಗಾರದ ಲೇಪ, ದಪ್ಪ ತಂತಿ, ಅದೆಲ್ಲ ಅಂಗಡಿಯೋರ ಮಾತು. ಯಾವುದನ್ನ ಯಾವುದರ ಜೊತೆ ಬೆರೆಸಿದಾರೆ ಅನ್ನೋದಷ್ಟೇ ಪ್ರಶ್ನೆ.”

ತಂತಿ ಜಾಳಾಗಿದ್ದರೆ, ಒಳಗೆ ಕವಚವಿಲ್ಲದಿದ್ದರೆ, ಪಕ್ಕದ ತಂತಿಯ ಗದ್ದಲ ಚಿತ್ರದಲ್ಲಿ ಕಾಣುವುದೂ ಉಂಟು. ಆದರೂ ಒಟ್ಟು ಲೆಕ್ಕದಲ್ಲಿ ಮಾವನ ಮಾತೇ ಸರಿ.

ಟಿವಿಯ ಹಿಂದೆ ಟಾರ್ಚ್ ಬಿಟ್ಟರೆ ಧೂಳಿನ ನಡುವೆ ಇಡೀ ಚರಿತ್ರೆ ಸಾಲಾಗಿ ನಿಂತಿತ್ತು. ಕೆಳಗೆ ಆಂಟೆನಾಗೆ ಇರುವ ತಿರುಪಿನ ತೂತು. ಅಲ್ಲಿ ಚಿತ್ರ, ಬಣ್ಣ, ಧ್ವನಿ ಮೂರೂ ಬೆರೆತು ರೇಡಿಯೊ ತರಂಗವಾಗಿ ಬರಬೇಕು. ಅದರ ಮೇಲೆ ಹಳದಿ ತೂತು. ಇಲ್ಲಿ ಧ್ವನಿ ಬೇರೆಯಾಗಿದೆ, ಬೆಳಕು ಮತ್ತು ಬಣ್ಣ ಇನ್ನೂ ಬೆರೆತೇ ಇವೆ. ಪಕ್ಕದಲ್ಲಿ ನಾಲ್ಕು ಕಿರುತೂತುಗಳ ದುಂಡನೆಯ ಎಸ್-ವಿಡಿಯೊ. 1987ರಲ್ಲಿ ಜೆವಿಸಿಯ ಎಸ್-ವಿಎಚ್ಎಸ್ ವಿಸಿಆರ್‌ಗಳ ಜೊತೆ ಮನೆಮನೆಗೆ ಬಂದದ್ದು. ಬೆಳಕಿಗೊಂದು ತಂತಿ, ಬಣ್ಣಕ್ಕೊಂದು ತಂತಿ. ಇಲ್ಲಿಗೇ ಚುಕ್ಕೆಗಳ ಓಡಾಟ ನಿಂತುಬಿಡುತ್ತದೆ. ಕೊನೆಗೆ ಹಸಿರು, ನೀಲಿ, ಕೆಂಪು, ಅಂದರೆ ಕಾಂಪೊನೆಂಟ್. ಇಲ್ಲಿ ಬಣ್ಣವೂ ಎರಡಾಗಿ ಒಡೆದು ಬೇರೆ ಬೇರೆ ದಾರಿಯಲ್ಲಿ ಬರುತ್ತದೆ.

“ಎರಡು ಕೆಂಪಿದೆಯಲ್ಲ ಮಾವ?”

“ಒಂದು ಚಿತ್ರದ್ದು, ಒಂದು ಧ್ವನೀದು. ಕೇಬಲ್ ಎಲ್ಲಿ ಕವಲೊಡೆದಿದೆ ನೋಡು. ಬಿಳಿ ಜೊತೆ ಹುಟ್ಟಿದ ಕೆಂಪು ಧ್ವನೀದು. ಅದನ್ನ ಚಿತ್ರದ ಕೆಂಪು ತೂತಿಗೆ ಹಾಕಿದ್ರೆ ಮುಖಗಳ ಬಣ್ಣ ಎಲ್ಲ ಕೆಡುತ್ತೆ.”

ಐದೂ ಪಿನ್ನುಗಳು ತಮ್ಮ ಮನೆ ಸೇರಿದವು. ರಿಮೋಟಿನಲ್ಲಿ ಇನ್‌ಪುಟ್ ಬದಲಾಯಿಸಿ, ಪ್ಲೇಸ್ಟೇಷನ್ನಿನ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಕಾಂಪೊನೆಂಟ್ ಔಟ್‌ಪುಟ್ ಆರ್‌ಜಿಬಿಗೆ ಇಲ್ಲ, ವೈ-ಸಿಬಿ-ಸಿಆರ್‌ಗೇ ಇದೆ ಎಂದು ಮಾವ ಖಚಿತಪಡಿಸಿಕೊಂಡರು. ಚಿತ್ರ ಬಂದಾಗ ಹುಡುಗಿ ಮೊದಲು ನೋಡಿದ್ದು ಅದೇ ಕೆಂಪು ಅಕ್ಷರವನ್ನು. ಅಂಚು ನೆಟ್ಟಗಿತ್ತು. ಜಾಲರಿ ಬರೀ ಜಾಲರಿಯಾಗಿತ್ತು.

ಇಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಬೇಸ್‌ಮೆಂಟುಗಳ ಗುಣವೇ ಬೇರೆ. ಕೇಬಲ್ ಹುಡುಕುವಾಗ ಮಾವನ ಮಗನ ಹಳೇ ನಿಂಟೆಂಡೊ ಪೆಟ್ಟಿಗೆ ಹೊರಬಿದ್ದಿತ್ತು. ಬೂದು ಬಣ್ಣದ, ಮುಂದಿನಿಂದ ಕ್ಯಾಸೆಟ್ ನುಂಗುವ ಎನ್‌ಇಎಸ್.

“ಇದಕ್ಕೂ ಎಸ್-ವಿಡಿಯೊ ಹಾಕೋಣ.”

“ಆಗಲ್ಲ. ಇದರ ಚಿತ್ರ ಬರೆಯೋ ಚಿಪ್ ಇದೆಯಲ್ಲ, ಅದರೊಳಗೇ ಬಣ್ಣ-ಬೆಳಕು ಬೆರೆತು ಹುಟ್ಟುತ್ತೆ. ಬಿಡಿಸಿ ಕೊಡೋಕೆ ಅದರ ಹತ್ರ ಬಿಡಿ ಸಿಗ್ನಲ್ಲೇ ಇಲ್ಲ. ಮಾರ್ಪಾಡು ಮಾಡಿಸಿಕೊಳ್ಳೋರು ಇದಾರೆ, ಅದು ಬೇರೆ ಕಥೆ. ಇದ್ದ ಹಾಗೇ ಬಳಸೋದಾದ್ರೆ ಪಕ್ಕದಲ್ಲಿರೋ ಹಳದಿ ತೂತೇ ಇದರ ಶಿಖರ.”

ಹಳದಿಯಾದರೂ ಇದೆಯಲ್ಲ ಎನ್ನಬೇಕು. 1993ರಲ್ಲಿ ಬಂದ ಇದರ ಮರುರೂಪದಲ್ಲಿ ನಿಂಟೆಂಡೊ ಅದನ್ನೂ ಕಿತ್ತುಹಾಕಿ ಬರೀ ಆಂಟೆನಾ ತಂತಿಯನ್ನು ಉಳಿಸಿತು. ಚೆಂದದ ಪೆಟ್ಟಿಗೆ, ಕೆಟ್ಟ ಚಿತ್ರ. ಮುಂದಿನ ತಲೆಮಾರಿನ ಸೂಪರ್ ನಿಂಟೆಂಡೊ, ಆಮೇಲಿನ ನಿಂಟೆಂಡೊ 64, ಗೇಮ್‌ಕ್ಯೂಬ್ ಈ ಮೂರಕ್ಕೂ ಒಂದೇ ಎಸ್-ವಿಡಿಯೊ ಕೇಬಲ್ ಸಾಕು. ಮೂರನ್ನೂ ಕೂಡಿಟ್ಟವರಿಗೆ ಇದಕ್ಕಿಂತ ಲಾಭದ ಖರೀದಿ ಇಲ್ಲ. ಪ್ಲೇಸ್ಟೇಷನ್ 2ರ ಕಾಂಪೊನೆಂಟ್ ಕೇಬಲ್ ಹಾಗೆಯೇ ಪ್ಲೇಸ್ಟೇಷನ್ 3ಕ್ಕೂ ನಡೆಯುತ್ತದೆ.

ಎನ್‌ಇಎಸ್ ಹಿಂಭಾಗದಲ್ಲಿ ಪುಟ್ಟ ಸ್ವಿಚ್ಚೊಂದಿತ್ತು. ಒಂದು ಕಡೆ 3, ಇನ್ನೊಂದು ಕಡೆ 4.

“ಇದೇನು, ವೋಲ್ಟೇಜಾ?”

“ಚಾನೆಲ್ಲು. ಆಂಟೆನಾ ತೂತಿಗೆ ಹಾಕಿದ್ರೆ ಈ ಪೆಟ್ಟಿಗೆ ಒಂದು ಪುಟಾಣಿ ಟಿವಿ ಸ್ಟೇಷನ್ ಆಗುತ್ತೆ. ಊರಲ್ಲಿ ಖಾಲಿ ಇರೋ ಚಾನೆಲ್‌ನಲ್ಲಿ ಪ್ರಸಾರ ಮಾಡಬೇಕು, ಇಲ್ಲದಿದ್ರೆ ನಿಜವಾದ ಸ್ಟೇಷನ್ ನುಸುಳಿ ಬರುತ್ತೆ. ನ್ಯೂಯಾರ್ಕ್‌ನಲ್ಲಿ 4 ಅಂದ್ರೆ ಡಬ್ಲ್ಯೂಎನ್‌ಬಿಸಿ, ಹಾಗಾಗಿ ಇಲ್ಲಿ ಎಲ್ಲರೂ 3ಕ್ಕೆ ಇಡೋರು. ಫಿಲಡೆಲ್ಫಿಯಾದಲ್ಲಿ 3 ಅಂದ್ರೆ ಕೆವೈಡಬ್ಲ್ಯೂ, ಅಲ್ಲಿ 4ಕ್ಕೆ.”

“ಮಧ್ಯದಲ್ಲಿರೋರು?”

ಮಾವ ನಕ್ಕರು. ಸೂರಿನ ಮೇಲೆ ದೊಡ್ಡ ಆಂಟೆನಾ ಕಟ್ಟಿ ಎರಡೂ ಮಹಾನಗರಗಳ ಸ್ಟೇಷನ್ ಹಿಡಿಯುತ್ತಿದ್ದ ಟ್ರೆಂಟನ್, ಪ್ರಿನ್ಸ್‌ಟನ್ ಸುತ್ತಿನ ಮನೆಗಳಲ್ಲಿ ಎರಡು ಚಾನೆಲ್ಲೂ ಭರ್ತಿ. ಬಣ್ಣ ಮತ್ತು ಬೆಳಕಿನ ರಾಜಿ ಸೂತ್ರ ಬರೆದ ಊರಿನಲ್ಲೇ ಆಟದ ಪೆಟ್ಟಿಗೆಗೆ ಖಾಲಿ ಜಾಗ ಇಲ್ಲದೆ ಹೋದದ್ದು ಒಂದು ಸೊಗಸಾದ ಸೇಡು. ಈಗ ಆ ಚಿಂತೆಯಿಲ್ಲ. 2009ರ ಜೂನ್ 12ಕ್ಕೆ ಅಮೆರಿಕದ ದೊಡ್ಡ ಸ್ಟೇಷನ್‌ಗಳೆಲ್ಲ ಅನಲಾಗ್ ಪ್ರಸಾರ ನಿಲ್ಲಿಸಿದವು. ಈಗ ಹಳೇ ಟಿವಿಯಲ್ಲಿ 3ಕ್ಕೆ ಹೋದರೂ 4ಕ್ಕೆ ಹೋದರೂ ಸಿಗುವುದು ಜೊಂಯ್ ಎನ್ನುವ ಮಳೆ ಮಾತ್ರ.

ಆ ಬೂದು ಪೆಟ್ಟಿಗೆಗೂ ಈ ಸೀಮೆಗೂ ಹತ್ತಿರದ ನಂಟಿದೆ. 1983ರಲ್ಲಿ ಅಮೆರಿಕದ ವಿಡಿಯೊ ಗೇಮ್ ಮಾರುಕಟ್ಟೆ ಕುಸಿದುಬಿದ್ದ ಮೇಲೆ ಅಂಗಡಿಯವರು ಆ ಹೆಸರೆತ್ತಿದರೇ ಬಾಗಿಲು ಹಾಕುತ್ತಿದ್ದರು. ನಿಂಟೆಂಡೊ ಕಂಪನಿ 1985ರ ಶರತ್ಕಾಲದಲ್ಲಿ ಮೊದಲ ಪರೀಕ್ಷೆಗೆ ಆರಿಸಿಕೊಂಡದ್ದು ನ್ಯೂಯಾರ್ಕನ್ನು. ಕಂಪನಿಯ ಅಮೆರಿಕ ಶಾಖೆಯ ಮುಖ್ಯಸ್ಥ ಮಿನೊರು ಅರಕಾವಾ ತಮ್ಮ ತಂಡ ಕಟ್ಟಿಕೊಂಡು ಬೀಡುಬಿಟ್ಟದ್ದು ನ್ಯೂಜೆರ್ಸಿಯ ಹ್ಯಾಕನ್‌ಸ್ಯಾಕ್‌ನ ಒಂದು ಗೋದಾಮಿನಲ್ಲಿ. ಅಲ್ಲಿಂದ ಪೆಟ್ಟಿಗೆ ಹೊತ್ತು ಅಂಗಡಿ ಅಂಗಡಿಗೆ ಹೋಗಿ ತಾವೇ ಜೋಡಿಸಿಟ್ಟರು, ಮಾರಾಟವಾಗದೆ ಉಳಿದರೆ ವಾಪಸ್ ತೆಗೆದುಕೊಳ್ಳುವುದಾಗಿ ಮಾತು ಕೊಟ್ಟರು. ಆ ವರ್ಷದ ಕ್ರಿಸ್ಮಸ್ ಹಬ್ಬಕ್ಕೆ ಗೆದ್ದ ಮೇಲೆಯೇ ಉಳಿದ ಅಮೆರಿಕ.

“ನೀವು ಅವತ್ತೇ ತಂದ್ರಾ?”

“ಅವತ್ತು ನನ್ನ ಸಂಬಳಕ್ಕೆ ಅದೆಲ್ಲ ಎಲ್ಲಿ? ಆಮೇಲೆ ತಂದಿದ್ದು. ಮಗ ಬಾತುಕೋಳಿ ಹೊಡೆಯೋ ಬಂದೂಕು ಬೇಕೇ ಬೇಕು ಅಂತ ಅತ್ತಿದ್ದ.”

ಬಂದೂಕೂ ಪೆಟ್ಟಿಗೆಯ ತಳದಲ್ಲಿತ್ತು. ಹುಡುಗಿ ಡಕ್ ಹಂಟ್ ಹಾಕಿ ಒಂದು ಬಾತುಕೋಳಿ ಕೆಡವಿದಳು. ಇದನ್ನು ಜರ್ಸಿ ಸಿಟಿಯ ಚಪ್ಪಟೆ ಟಿವಿಯಲ್ಲಿ ಆಡಲಾದೀತೇ? ಆಗದು. ಕುದುರೆ ಒತ್ತಿದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕವೊಂದು ಕಣ್ಣಿಗೆ ಬೀಳುವ ಮುನ್ನವೇ ಮಿಂಚಿ ಹೋಗುತ್ತದೆ. ಬಂದೂಕಿನ ಕಣ್ಣು ಆ ಬೆಳಕು ಬಂತೇ ಇಲ್ಲವೇ ಎಂದಷ್ಟೇ ನೋಡುತ್ತದೆ. ಪಿಕ್ಚರ್ ಟ್ಯೂಬಿನಲ್ಲಿ ಎಲೆಕ್ಟ್ರಾನ್ ಕಿರಣ ಗೆರೆ ಗೆರೆಯಾಗಿ ಬರೆದುಕೊಂಡು ಹೋಗುವುದರಿಂದ ಬೆಳಕು ತಕ್ಕ ಗಳಿಗೆಗೆ ಬರುತ್ತದೆ. ಚಪ್ಪಟೆ ಟಿವಿ ಒಂದಿಡೀ ಚಿತ್ರವನ್ನು ಹಿಡಿದಿಟ್ಟುಕೊಂಡು, ಹಿಗ್ಗಿಸಿ, ತಿದ್ದಿ ತೋರಿಸುವಷ್ಟರಲ್ಲಿ ಆಟ ಮುಂದಕ್ಕೆ ಹೋಗಿರುತ್ತದೆ.

ಮಸಕಿಗೂ ಇದೇ ಹಿಗ್ಗಿಸುವಿಕೆ ಕಾರಣ. ಅಮೆರಿಕದ ಟಿವಿ ಚಿತ್ರಕ್ಕೆ 525 ಗೆರೆ. ಬೆಸ ಗೆರೆ ಒಮ್ಮೆ, ಸಮ ಗೆರೆ ಒಮ್ಮೆ ಬರೆಯುವುದು ಪ್ರಸಾರದ ಕ್ರಮ. ಎನ್‌ಇಎಸ್ ಕಾಲದ ಪೆಟ್ಟಿಗೆಗಳು ಕಳ್ಳದಾರಿ ಹಿಡಿದವು. ಪ್ರತಿ ಸಲವೂ 262 ಗೆರೆ ಕಳಿಸಿ, ಕಿರಣ ಅದದೇ ಜಾಗದಲ್ಲಿ ಬರೆಯುವಂತೆ ಮಾಡಿದವು. ಗೆರೆಗಳ ನಡುವೆ ಉಳಿದ ಕಪ್ಪು ಸಂದುಗಳೇ ಆ ಚಿತ್ರಕ್ಕೆ ಅಂಚು ಕೊಟ್ಟವು. ಇಂದಿನ ಅನೇಕ ಟಿವಿಗಳು ಈ ಕಳ್ಳದಾರಿಯನ್ನು ಗುರುತಿಸದೆ, ಬೆಸ-ಸಮ ಎಂದೇ ತಿಳಿದು, ಇಲ್ಲದ ಜೋಡಿ ಹುಡುಕಿ ಹೊಲಿಗೆ ಹಾಕಲು ಹೋಗುತ್ತವೆ. ಹುಡುಗಿಯ ಪ್ಲೇಸ್ಟೇಷನ್ 2 ಬಹುಪಾಲು ಆಟಗಳನ್ನು ನಿಜವಾಗಿಯೂ ಬೆಸ-ಸಮವಾಗಿಯೇ ಕಳಿಸುತ್ತದೆ. ಅದನ್ನೂ 55 ಇಂಚಿಗೆ ಎಳೆದರೆ ಉಳಿಯುವುದು ಅಷ್ಟೇ.

“ಹಾಗಾದ್ರೆ ಒಳ್ಳೇ ಕೇಬಲ್ ಹಾಕಿದಷ್ಟೂ ಚಿತ್ರ ಒಳ್ಳೇದು. ತೀರ್ಮಾನ ಆಯ್ತು.”

“ಆಗಿಲ್ಲ,” ಎಂದರು ಮಾವ. ತಮ್ಮ ವಾದಕ್ಕೆ ತಾವೇ ಅಡ್ಡಗಾಲು ಹಾಕುವುದರಲ್ಲಿ ಹಳೇ ಮೆಕ್ಯಾನಿಕ್‌ಗಳಿಗೆ ವಿಶೇಷ ಸುಖ. ಅವರು ತಂದ ಉದಾಹರಣೆ 1991ರ ಸೋನಿಕ್ ಆಟ. ಅದು ಓಡುತ್ತಿದ್ದ ಸೆಗಾ ಜೆನೆಸಿಸ್ ಪೆಟ್ಟಿಗೆಗೆ ಪಾರದರ್ಶಕ ನೀರು ಬರೆಯುವ ಶಕ್ತಿ ಇರಲಿಲ್ಲ. ಅದಕ್ಕೆ ಕಲಾವಿದರು ಜಲಪಾತವನ್ನು ಒಂದು ಗೆರೆ ನೀರು, ಒಂದು ಗೆರೆ ಖಾಲಿ ಎಂದು ಉದ್ದುದ್ದ ಪಟ್ಟಿಗಳಾಗಿ ಬರೆದರು. ಹಳದಿ ತಂತಿಯ ಬೆರಕೆಯಲ್ಲಿ ಆ ಪಟ್ಟಿಗಳು ಕಲೆತು, ಹಿಂದಿನ ಬಂಡೆ ನೀರಿನೊಳಗಿಂದ ಕಾಣುತ್ತಿತ್ತು. ಬಣ್ಣ ಬಿಡಿಸಿ ಕಳಿಸುವ ಆರ್‌ಜಿಬಿ ಕೇಬಲ್ ಹಾಕಿದರೆ ನೀರು ಹೋಗಿ ಕಂಬಿಗಳು ಉಳಿಯುತ್ತವೆ. ರಾಜಿಯ ದೋಷವನ್ನೇ ಕುಂಚ ಮಾಡಿಕೊಂಡವರ ಚಿತ್ರ ಅದು. ಅಂಥ ಆಟಕ್ಕೆ ಹಳದಿಯೇ ಮೇಲು ಎನ್ನುವವರ ಜೊತೆ ಜಗಳವಾಡುವುದು ಕಷ್ಟ.

ಆ ರಾಜಿಯ ಗುರುತು ಆಟದ ಪೆಟ್ಟಿಗೆಗಳ ನಾಡಿಯಲ್ಲೂ ಇದೆ. ಪ್ರತಿ ಬಣ್ಣದ ಟಿವಿಗೂ 3.579545 ಮೆಗಾಹರ್ಟ್ಸ್‌ನ ಒಂದು ಕ್ರಿಸ್ಟಲ್ ಬೇಕಿದ್ದುದರಿಂದ ಅದು ಲಕ್ಷಗಟ್ಟಲೆ ತಯಾರಾಗಿ ಅಗ್ಗವಾಗಿತ್ತು. ಅಟಾರಿ 2600 ತನ್ನ ಗಡಿಯಾರವಾಗಿ ಅದೇ ವೇಗವನ್ನು ಇಟ್ಟುಕೊಂಡಿತು, ಅದನ್ನು ಮೂರರಿಂದ ಭಾಗಿಸಿದರೆ ಅದರ ಪ್ರೊಸೆಸರ್‌ನ ವೇಗ. ಎನ್‌ಇಎಸ್ ಆ ಟಿವಿ ಕ್ರಿಸ್ಟಲಿನ ಆರು ಪಟ್ಟು ವೇಗದ ಕ್ರಿಸ್ಟಲ್ ಇಟ್ಟು, ಹನ್ನೆರಡರಿಂದ ಭಾಗಿಸಿಕೊಂಡಿತು. ಮಾರಿಯೊ ಎಷ್ಟು ವೇಗವಾಗಿ ಓಡಬೇಕು ಎಂಬುದರ ಬೇರು ಹುಡುಕುತ್ತ ಹೋದರೆ ಪ್ರಿನ್ಸ್‌ಟನ್‌ಗೇ ಬರಬೇಕು.

“ನಮ್ಮೂರಲ್ಲಿ ಆಡ್ತಿದ್ವಲ್ಲ, ಕ್ಯಾಸೆಟ್ ಹಾಕೋ ವಿಡಿಯೊ ಗೇಮು? ಅದು ಅಟ್ಟದ ಮೇಲಿದೆ. ಅಮ್ಮನಿಗೆ ಹೇಳಿ ತರಿಸಲಾ?”

“ತರಿಸಬೇಡ. ನಮ್ಮದು ಪಾಲ್ ಪದ್ಧತಿ. 625 ಗೆರೆ, ಸೆಕೆಂಡಿಗೆ 50 ಸಲ. ಇಲ್ಲಿಯದು 60. ಈ ಟಿವಿಗೆ ಹಾಕಿದ್ರೆ ಚಿತ್ರ ಗಿರಗಿರ ಉರುಳುತ್ತೆ, ನಿಂತ್ರೂ ಕಪ್ಪು-ಬಿಳುಪು.”

ಹಾಗೆ ಉರುಳುವ ಚಿತ್ರದ ಅನುಭವ ಎಂಬತ್ತು ತೊಂಬತ್ತರ ದಶಕದ ಎಷ್ಟೋ ಅನಿವಾಸಿ ಕನ್ನಡಿಗರಿಗೆ ಇದೆ. ಮದುವೆಯ ವಿಡಿಯೊ ಕ್ಯಾಸೆಟ್ ಊರಿಂದ ಬಂದಾಗ ಅದನ್ನು ಎನ್‌ಟಿಎಸ್‌ಸಿಗೆ ಬದಲಿಸಿಕೊಡುವ ಅಂಗಡಿ ಹುಡುಕಿಕೊಂಡು ಹೋಗಬೇಕಿತ್ತು.

ಮಾತು ಮೂಲಕ್ಕೆ ಹೋಯಿತು. ಮನೆಯ ಟಿವಿಗೆ ಆಟ ಜೋಡಿಸಬಹುದೆಂದು ಮೊದಲು ಯಾರಿಗೆ ಹೊಳೆಯಿತು? ರಾಲ್ಫ್ ಬೇರ್ ನಾಜಿ ಜರ್ಮನಿಯಿಂದ ತಪ್ಪಿಸಿಕೊಂಡು 1938ರಲ್ಲಿ ನ್ಯೂಯಾರ್ಕಿಗೆ ಬಂದ ಯಹೂದಿ ಹುಡುಗ. ಅಂಚೆ ಪಾಠದಲ್ಲಿ ರೇಡಿಯೊ ರಿಪೇರಿ ಕಲಿತು ಅಲ್ಲೇ ಅಂಗಡಿ ನೋಡಿಕೊಂಡವರು. 1951ರ ಸುಮಾರಿಗೆ ಬ್ರಾಂಕ್ಸ್‌ನ ಲೋರಲ್ ಕಂಪನಿಯಲ್ಲಿ ಟಿವಿ ವಿನ್ಯಾಸ ಮಾಡುವಾಗ ಅದರೊಳಗೊಂದು ಆಟ ಸೇರಿಸೋಣವೆಂದರೆ ಮೇಲಿನವರು ಒಪ್ಪಲಿಲ್ಲ ಎಂದು ಅವರು ಮುಂದೆ ನೆನಪಿಸಿಕೊಂಡಿದ್ದಾರೆ. 1966ರ ಬೇಸಿಗೆಯ ಕೊನೆಗೆ ನ್ಯೂಯಾರ್ಕಿನ ಬಸ್ ನಿಲ್ದಾಣವೊಂದರ ಹೊರಗೆ ಸಹೋದ್ಯೋಗಿಗಾಗಿ ಕಾಯುತ್ತ ಆ ಯೋಚನೆಯನ್ನು ಮತ್ತೆ ಗೀಚಿಕೊಂಡರು. ಸೆಪ್ಟೆಂಬರ್ 1ರಂದು ನಾಲ್ಕು ಪುಟಗಳ ಬರಹ ಸಿದ್ಧವಾಯಿತು. ಟಿವಿಯ ಖಾಲಿ ಚಾನೆಲ್ ಒಂದರಲ್ಲಿ ಆಟ ಪ್ರಸಾರ ಮಾಡುವ ಅಗ್ಗದ ಪೆಟ್ಟಿಗೆ ಅದರ ತಿರುಳು. 1972ರಲ್ಲಿ ಅದೇ ಮ್ಯಾಗ್ನವಾಕ್ಸ್ ಒಡಿಸ್ಸಿಯಾಗಿ ಅಂಗಡಿಗೆ ಬಂತು. 3, 4ರ ಸ್ವಿಚ್ಚೂ ಅದರ ಜೊತೆಗೇ ಬಂತು.

“ಅಷ್ಟೇ ಅಲ್ಲ,” ಮಾವನಿಗೆ ಉಮೇದು ಬಂದಿತ್ತು. “ಪಿಕ್ಚರ್ ಟ್ಯೂಬ್ ಮೇಲೆ ಆಟ ಆಡೋ ಯಂತ್ರಕ್ಕೆ ಮೊದಲ ಪೇಟೆಂಟ್ ಹಾಕಿದ್ದು ನಮ್ಮ ನ್ಯೂಜೆರ್ಸಿಯ ಪಸೇಯ್ಕ್‌ನೋರು. ಡುಮಾಂಟ್ ಕಂಪನಿ. 1947ರ ಜನವರಿ.”

ಇದು ನಿಜ. ಥಾಮಸ್ ಗೋಲ್ಡ್‌ಸ್ಮಿತ್ ಮತ್ತು ಎಸ್ಲ್ ರೇ ಮ್ಯಾನ್ ಯುದ್ಧಕಾಲದ ರೇಡಾರ್ ಪರದೆ ನೋಡಿ ರೂಪಿಸಿದ ಆಟವದು. ಗುಂಡಿ ತಿರುಗಿಸಿ ಬೆಳಕಿನ ಚುಕ್ಕೆಯನ್ನು ಗುರಿಯತ್ತ ಒಯ್ಯಬೇಕು. 1948ರ ಡಿಸೆಂಬರ್‌ನಲ್ಲಿ ಪೇಟೆಂಟ್ ಸಿಕ್ಕಿತು, ಮಾರಾಟಕ್ಕೆ ಬರಲೇ ಇಲ್ಲ. ಹತ್ತು ವರ್ಷದ ಮೇಲೆ, 1958ರಲ್ಲಿ, ಲಾಂಗ್ ಐಲೆಂಡಿನ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ಆಸಿಲೋಸ್ಕೋಪಿನ 5 ಇಂಚಿನ ಪರದೆಯಲ್ಲಿ ಟೆನಿಸ್ ಆಡಿಸಿದಾಗ ಸಂದರ್ಶಕರು ಸಾಲುಗಟ್ಟಿ ನಿಂತರು.

ಹುಡುಗಿಗೆ ಚರಿತ್ರೆ ಸಾಕೆನಿಸಿತ್ತು. “ಈಗ ಚಿತ್ರ ಇನ್ನೂ ಚೆನ್ನಾಗಿ ಆಗಬೇಕು ಅಂದ್ರೆ?”

“ಮೊದಲು ಶಾರ್ಪ್‌ನೆಸ್ ಇಳಿಸು. ಏರಿಸಿದ್ರೆ ಸ್ಪಷ್ಟ ಆಗುತ್ತೆ ಅಂತ ಎಲ್ಲರೂ ಅಂದ್ಕೊಳ್ತಾರೆ. ಅದು ಪ್ರತಿ ಅಂಚಿಗೂ ಬಿಳಿ ಗೆರೆ ಎಳೆಯುತ್ತೆ ಅಷ್ಟೆ.”

ಶಾರ್ಪ್‌ನೆಸ್ ಇಳಿಯಿತು, ಅಂಗಡಿಯಲ್ಲಿ ಕಣ್ಣು ಕುಕ್ಕಲೆಂದೇ ಇಟ್ಟಿರುವ ‘ವಿವಿಡ್’ ಮೋಡ್ ಹೋಯಿತು. ಕಿರಣದ ಓಟದ ವೇಗವನ್ನೇ ಏರುಪೇರು ಮಾಡಿ ಅಂಚು ತೀಡುವ ‘ವಿಎಂ’ ಎಂಬ ಆಯ್ಕೆಯೂ ಆರಿತು. ಪಕ್ಕದಲ್ಲಿದ್ದ ಸ್ಪೀಕರನ್ನು ಮಾವ ದೂರಕ್ಕೆ ತಳ್ಳಿದರು. ಅದರ ಅಯಸ್ಕಾಂತದಿಂದ ಪರದೆಯ ಮೂಲೆ ನೇರಳೆಗೆ ತಿರುಗಿತ್ತು. ಟಿವಿ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಹಾಕಿದಾಗ ಒಳಗಿನ ಸುರುಳಿ ‘ಧುಂ’ ಎಂದು ಕಲೆ ಅಳಿಸಿತು. ಸೋನಿ ಟಿವಿ ಆರಿಸಿ, ರಿಮೋಟಿನಲ್ಲಿ ಡಿಸ್‌ಪ್ಲೇ, 5, ವಾಲ್ಯೂಮ್ ಪ್ಲಸ್, ಪವರ್ ಎಂದು ಬೇಗಬೇಗ ಒತ್ತಿದರೆ ರಿಪೇರಿಯವರ ಗುಪ್ತ ಮೆನು ತೆರೆಯುತ್ತದೆ. ಅಂಚಿನಾಚೆ ಕೊಚ್ಚಿಹೋದ ಚಿತ್ರವನ್ನು ಅಲ್ಲಿ ಒಳಕ್ಕೆ ಎಳೆಯಬಹುದು. ಆದರೆ ಮುಟ್ಟುವ ಮೊದಲು ಹಳೇ ಅಂಕಿಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳದವರಿಗೆ ದೇವರೇ ಗತಿ. ಹಿಂದಿನ ಮುಚ್ಚಳ ಬಿಚ್ಚುವ ಮಾತಂತೂ ಬೇಡ. ಟ್ಯೂಬಿನ ಕುತ್ತಿಗೆಯಾಚೆ 25,000 ವೋಲ್ಟಿಗೂ ಹೆಚ್ಚು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರುತ್ತದೆ.

“ನನ್ನ ನಿಂಟೆಂಡೊ ಸ್ವಿಚ್ ಕೂಡ ಇದಕ್ಕೆ ಹಾಕಬಹುದಾ?”

“ಎಚ್‌ಡಿಎಂಐಯಿಂದ ಹಳದಿಗೆ ಬದಲಿಸೋ ಪುಟ್ಟ ಡಬ್ಬಿ ಬರುತ್ತೆ, ಹಾಕಬಹುದು. ಆದ್ರೆ ಅಕ್ಷರ ಓದಕ್ಕಾಗಲ್ಲ.”

ಅಗಲದ ಪರದೆಗೆಂದು ಬರೆದ ಚಿತ್ರ 480 ಗೆರೆಗೆ ಕುಗ್ಗಿ, ಚೌಕಕ್ಕೆ ಹಿಂಡಿಕೊಂಡು ಬರುತ್ತದೆ. 2006ರಲ್ಲಿ ಎಕ್ಸ್‌ಬಾಕ್ಸ್ 360ಕ್ಕೆ ಬಂದ ಡೆಡ್ ರೈಸಿಂಗ್ ಆಟದ ಸಣ್ಣಕ್ಷರ ಹಳೇ ಟಿವಿಯಲ್ಲಿ ಓದಲಾಗದೆ ಜನ ದೊಡ್ಡ ಗಲಾಟೆ ಮಾಡಿದ್ದರು. ಹಳೇ ಪೆಟ್ಟಿಗೆಗೆ ಹಳೇ ಟಿವಿ ಸರಿ, ಹೊಸದಕ್ಕೆ ಅದು ಶಿಕ್ಷೆ.

“ಸರಿ, ನಂಗೂ ಒಂದು ಇಂಥ ಟಿವಿ ಬೇಕು. ಎಷ್ಟು ಕೊಡಬೇಕಾಗುತ್ತೆ?”

“ಕೆಲವರು ನಿಂಗೇ ದುಡ್ಡು ಕೊಟ್ಟು ಕಳಿಸ್ತಾರೆ,” ಎಂದರು ಮಾವ. ನ್ಯೂಜೆರ್ಸಿಯಲ್ಲಿ 2011ರಿಂದ, ನ್ಯೂಯಾರ್ಕ್ ರಾಜ್ಯದಲ್ಲಿ ಮನೆಗಳಿಗೆ 2015ರಿಂದ ಟಿವಿಯನ್ನು ಕಸಕ್ಕೆ ಹಾಕುವಂತಿಲ್ಲ. ಟ್ಯೂಬಿನ ಗಾಜಿನಲ್ಲಿ ಸೀಸ ಇರುತ್ತದೆ. ನ್ಯೂಯಾರ್ಕ್ ನಗರದಲ್ಲಿ ರಸ್ತೆ ಬದಿಗಿಟ್ಟರೆ 100 ಡಾಲರ್ ದಂಡ. ಹೀಗಾಗಿ ಎಷ್ಟೋ ಬೇಸ್‌ಮೆಂಟುಗಳಲ್ಲಿ ಒಳ್ಳೆಯ ಟಿವಿಗಳು ಹೊರುವವರಿಲ್ಲದೆ ಕೂತಿವೆ. ಹಿಂಭಾಗದಲ್ಲಿ ಹಸಿರು-ನೀಲಿ-ಕೆಂಪಿನ ತೂತು ಇದೆಯೇ ಎಂದು ಫೋಟೊ ಕೇಳಿ ನೋಡಿಯೇ ಹೋಗಬೇಕು ಎಂಬುದು ಅವರ ಒಂದೇ ಷರತ್ತು. ಸ್ಟೀರಿಯೊ ಇದೆ, ಪರದೆ ಚಪ್ಪಟೆ ಇದೆ ಎಂಬ ಹೊಗಳಿಕೆಯಿಂದ ಉಪಯೋಗವಿಲ್ಲ.

“ಇದನ್ನೇ ಒಯ್ಯಲಾ?”

ಮಾವ ಟಿವಿಯನ್ನೊಮ್ಮೆ, ಬೇಸ್‌ಮೆಂಟಿನ ಮೆಟ್ಟಿಲನ್ನೊಮ್ಮೆ ನೋಡಿದರು. “ಒಯ್ಯಿ. ಇಬ್ಬರು ಬೇಕು. ಗಾಜಿನ ಮುಖ ಎದೆ ಕಡೆಗಿರಲಿ, ಭಾರವೆಲ್ಲ ಅಲ್ಲೇ ಇರೋದು. ನಿಮ್ಮ ಬಿಲ್ಡಿಂಗ್‌ನಲ್ಲಿ ಲಿಫ್ಟ್ ಇದೆಯಾ?”

“ಇದೆ. ಆದರೆ ಶನಿವಾರ ಭಾನುವಾರ ಬಂದ್ರೆ ಕೆಟ್ಟಿರುತ್ತೆ.”

“ಹಾಗಾದ್ರೆ ಮಂಗಳವಾರ ರಜೆ ಹಾಕು.”